ಗುಜರಿಗೆ ಹಾಕುವ ಮುನ್ನ ಟ್ರಂಕು ತೆಗೆದು ನೋಡಿ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಹಳೆಯ ಮನೆಗಳಲ್ಲಿ ಬೇಡದ ಸಾಮಾನಿಗೆಂದೇ ಒಂದು ಮೂಲೆ ಇರುತ್ತದೆ. ಮುರಿದ ತೊಟ್ಟಿಲು, ತೂತು ಬಿದ್ದ ಹಂಡೆ, ಅವುಗಳ ಹಿಂದೆ ಗೋಣಿತಾಟು ಹೊದ್ದು ನಿಂತ ಒಂದು ಹಳೆಯ ಜಾವಾ ಅಥವಾ ಯಜ್ದಿ ಫಟಫಟಿ. "ದೀಪಾವಳಿ ಬಂತ್ರಿ, ಈ ಮೋಡಕಾ ಇನ್ನೆಷ್ಟ ದಿನ ಇಟಗೊಂಡ ಕೂಡೂದು?" ಎಂದು ನೀವು. "ಇರ್ಲಿ ಬಿಡ, ನಮ್ಮಪ್ಪನ ಗಾಡಿ ಅದು, ರಿಪೇರಿ ಮಾಡಸ್ತೀನಿ" ಎಂದು ಯಜಮಾನರು. ಮಾತು ಅಲ್ಲಿಗೇ ನಿಲ್ಲುತ್ತದೆ, ಗಾಡಿಯೂ ಅಲ್ಲೇ ನಿಲ್ಲುತ್ತದೆ.

ಗಂಡಸರ ಗಾಡಿಯ ಗೊಡವೆ ನಮಗೇಕೆ ಎನ್ನಬೇಡಿ. ಗಾಡಿ ಮತ್ತೆ ರಸ್ತೆಗೆ ಬರುತ್ತದೋ ಇಲ್ಲವೋ ಎಂಬುದು ಎಷ್ಟೋ ಸಲ ಮಿಸ್ತ್ರಿಯ ಪಾನೆಗಿಂತ ಹೆಚ್ಚಾಗಿ ಮನೆಯ ಟ್ರಂಕಿನ ಕೀಲಿಕೈ ಇಟ್ಟುಕೊಂಡವರ ಮೇಲೆ ನಿಂತಿದೆ. ತುಕ್ಕು ಹಿಡಿದ ಕಬ್ಬಿಣಕ್ಕೆ ಬದಲಿ ಸಿಗುತ್ತದೆ. ಕಳೆದ ಕಾಗದಕ್ಕೆ, ಎಸೆದ ಮೂಲ ಬಿಡಿಭಾಗಕ್ಕೆ ಬದಲಿ ಸಿಗುವುದು ಕಷ್ಟ.

ನಮ್ಮ ಮೈಸೂರಿನ ಗಾಡಿ

ಜಾವಾ ಎಂಬ ಹೆಸರು ಚೆಕೊಸ್ಲೊವಾಕಿಯಾದ್ದು. ಆದರೆ ನಿಮ್ಮ ಮೂಲೆಯಲ್ಲಿರುವ ಗಾಡಿ ಬಹುಮಟ್ಟಿಗೆ ಮೈಸೂರಿನದೇ. ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿಯವರ ಐಡಿಯಲ್ ಜಾವಾ ಕಂಪನಿ ಮೈಸೂರಿನ ಯಾದವಗಿರಿಯಲ್ಲಿ 1961ರಿಂದ ಈ ಗಾಡಿಗಳನ್ನು ತಯಾರಿಸಿತು. 1973ರಿಂದ ಯಜ್ದಿ ಎಂಬ ಹೆಸರು ಬಂತು. ಅದು ಇರಾನಿನ ಯಜ್ದ್ ಊರಿನಿಂದ ಬಂದ ಹೆಸರು. 1996ರಲ್ಲಿ ಕಾರ್ಖಾನೆ ಮುಚ್ಚಿತು.

ಗುರುತು ಹಿಡಿಯುವುದು ಸುಲಭ. ಎಂಜಿನ್ನು ಒಂದೇ ಆದರೂ ಸೈಲೆನ್ಸರ್ ಎರಡು. ಗೇರಿನ ಕಡ್ಡಿಯನ್ನೇ ಒಳಗೊತ್ತಿ ಹಿಂದಕ್ಕೆ ತಿರುಗಿಸಿದರೆ ಅದೇ ಕಿಕ್ ಆಗುತ್ತದೆ.

2018ರಲ್ಲಿ ಜಾವಾ, 2022ರಲ್ಲಿ ಯಜ್ದಿ ಹೆಸರಿನ ಹೊಸ ಗಾಡಿಗಳು ಮಾರುಕಟ್ಟೆಗೆ ಬಂದವು. "ಹಂಗಾದ್ರ ಶೋರೂಮಿನ್ಯಾಗ ಸಾಮಾನ ಸಿಗತಾವಲ್ಲ?" ಎಂದು ಕೇಳಬೇಡಿ. ಹಳೆಯದು ಟೂ ಸ್ಟ್ರೋಕ್, ಹೊಸದು ಫೋರ್ ಸ್ಟ್ರೋಕ್. ಹೆಸರು ಒಂದೇ, ಎಂಜಿನ್ನು ಬೇರೆ. ಇದರ ಪಿಸ್ಟನ್ನು ಅದಕ್ಕೆ ಕೂಡುವುದಿಲ್ಲ.

ಮೊದಲು ಕಾಗದ

ಮಿಸ್ತ್ರಿಯನ್ನು ಕರೆಸುವ ಮೊದಲು ಆರ್‌ಸಿ ಪುಸ್ತಕ ಹುಡುಕಿ. ಹೊಲದ ಉತಾರ, ಹಳೆ ಜಾತಕ, ಲಗ್ನಪತ್ರಿಕೆಗಳ ನಡುವೆ ಸಿಕ್ಕರೂ ಸಿಕ್ಕೀತು. ಆಲಮಟ್ಟಿ ಹಿನ್ನೀರಿನಿಂದಾಗಿ ಊರು ಬಿಟ್ಟು ಬಂದ ಬೀಳಗಿ ಕಡೆಯ ಮನೆತನಗಳವರು, 2019ರ ಹೊಳಿ ನೀರು ಮನೆ ಹೊಕ್ಕವರು, ಒದ್ದೆಯಾಗಿ ಒಣಗಿದ ಕಾಗದಗಳ ಕಟ್ಟನ್ನೂ ಮೆಲ್ಲಗೆ ಬಿಡಿಸಿ ನೋಡಬೇಕು.

ಆರ್‌ಸಿ ಸಿಕ್ಕ ಮೇಲೆ ಅದರ ಚಾಸಿ ನಂಬರು, ಎಂಜಿನ್ ನಂಬರು ಗಾಡಿಯ ಮೇಲಿನ ನಂಬರಿಗೆ ಹೊಂದುತ್ತದೆಯೇ ನೋಡಿ. ಮಕ್ಕಳು ನಾಣ್ಯದ ಮೇಲೆ ಕಾಗದವಿಟ್ಟು ಪೆನ್ಸಿಲ್ ತಿಕ್ಕುತ್ತಾರಲ್ಲ, ಹಾಗೆಯೇ ಅಚ್ಚು ತೆಗೆದುಕೊಳ್ಳಿ. ಬಣ್ಣದವನಿಗೆ ಚಾಸಿ ಕೊಡುವಾಗ "ನಂಬರ ಮ್ಯಾಲೆ ಪಾಲಿಶ್ ಕಾಗದ ತಿಕ್ಕಬ್ಯಾಡಪಾ" ಎಂದು ಒತ್ತಿ ಹೇಳಿ. ನಂಬರು ಅಳಿದುಹೋದ ಗಾಡಿ ಕಾನೂನಿನ ಕಣ್ಣಿಗೆ ಕದ್ದ ಗಾಡಿಯಂತೆ ಕಂಡೀತು.

ನೆನಪಿಡಿ: ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಮುಂಚಿನ ಗಾಡಿಯ ದಾಖಲೆ ವಿಜಯಪುರದ ಕಚೇರಿಯಲ್ಲಿ ಇರಬಹುದು. ಎಂವೈ, ಸಿಎ ಎಂದು ಶುರುವಾಗುವ ನಂಬರು ಕಂಡು ಗಾಬರಿಯಾಗಬೇಡಿ. ಅವು ನಮ್ಮ ರಾಜ್ಯದ ಹಳೆಯ ನಂಬರುಗಳೇ. ಈಗ ಜಮಖಂಡಿಯಲ್ಲೇ ಆರ್‌ಟಿಓ ಕಚೇರಿ ಇದೆ, ಕೆಎ 48. ಮೊದಲ ವಿಚಾರಣೆ ಅಲ್ಲೇ ಮಾಡಬಹುದು.

ಆರ್‌ಸಿ ಕಳೆದಿದ್ದರೆ ಪೊಲೀಸ್ ದೂರಿನ ಪ್ರತಿಯೊಂದಿಗೆ ನಕಲಿಗಾಗಿ ನಮೂನೆ 26. ಗಾಡಿ ತೀರಿಕೊಂಡ ಮಾವನವರ ಹೆಸರಿನಲ್ಲಿದ್ದರೆ ವಾರಸುದಾರರ ಹೆಸರಿಗೆ ಮಾಡಿಸಲು ನಮೂನೆ 31. ನೋಂದಣಿಯ ಅವಧಿ 15 ವರ್ಷ. ಆಮೇಲೆ ತಪಾಸಣೆ ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. 20 ವರ್ಷ ದಾಟಿದ ಮೋಟಾರ್ ಸೈಕಲ್ಲಿನ ನವೀಕರಣಕ್ಕೆ 2025ರ ಆಗಸ್ಟ್‌ನಲ್ಲಿ 2,000 ರೂಪಾಯಿ ಶುಲ್ಕ ನಿಗದಿಯಾಯಿತು. ಹೋದ ದಿನ ಆಗಿನ ದರ ಕೇಳಿಕೊಳ್ಳಿ.

50 ವರ್ಷ ದಾಟಿದ ಗಾಡಿಗೆ ಇನ್ನೊಂದು ದಾರಿಯಿದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ 'ವಿಂಟೇಜ್' ನೋಂದಣಿ ತಂದಿತು. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ, ನಂಬರಿನಲ್ಲಿ 'ವಿಎ' ಅಕ್ಷರ. ಆದರೆ ಈ ಗಾಡಿಯನ್ನು ಪ್ರದರ್ಶನ, ರ್‍ಯಾಲಿ, ಪೆಟ್ರೋಲ್, ರಿಪೇರಿಯಂಥ ಕೆಲಸಕ್ಕೆ ಮಾತ್ರ ರಸ್ತೆಗಿಳಿಸಬಹುದು. ದಿನಾ ಸಂತೆಗೆ, ತೋಟಕ್ಕೆ ಓಡಿಸುವಂತಿಲ್ಲ. ಯಜಮಾನರಿಗೆ ಗಾಡಿ ನೋಡಲಿಕ್ಕೆ ಬೇಕೋ ಓಡಿಸಲಿಕ್ಕೆ ಬೇಕೋ ಎಂದು ಮೊದಲೇ ಕೇಳಿ ತೀರ್ಮಾನಿಸಿ.

ಹಳೆಯದನ್ನು ಎಸೆಯಬೇಡಿ

ಗಾಡಿ ಬಿಚ್ಚುವ ದಿನ ಮೊಬೈಲಿನಲ್ಲಿ ಎಲ್ಲ ಬದಿಯಿಂದ ಫೋಟೋ ತೆಗೆಯಿರಿ. ಬಿಚ್ಚಿದ ನಟ್ಟು, ಬೋಲ್ಟು, ವಾಯ್ಸರುಗಳನ್ನು ಭಾಗವಾರು ಬೇರೆ ಬೇರೆ ಡಬ್ಬಿಗಳಲ್ಲಿ ಹಾಕಿ ಚೀಟಿ ಅಂಟಿಸಿ. ಸಾಸಿವೆ, ಜೀರಿಗೆ, ಮೆಂತ್ಯ ಬೇರೆ ಬೇರೆ ಇಡುವ ಕೈಗೆ ಇದೇನು ದೊಡ್ಡ ಕೆಲಸ?

ಸವೆದ ಭಾಗವನ್ನೂ ಎಸೆಯಬಾರದು. ಸೀರೆಗೆ ಖಣ ಹೊಂದಿಸಲು ಹೋದಾಗ ಸೀರೆಯನ್ನೇ ಒಯ್ಯುತ್ತೀರಲ್ಲವೇ? ಹಾಗೆಯೇ ಅಂಗಡಿಗೂ ಹಳೆಯ ಭಾಗವನ್ನೇ ಒಯ್ಯಬೇಕು. ಬಾಯಿಮಾತಿನಲ್ಲಿ ಹೇಳಿ ತರಿಸಿದ ಸಾಮಾನು ವಾಪಸಾಗುವುದೇ ಹೆಚ್ಚು.

ಬೇಕಾಗುವ ಭಾಗಗಳಲ್ಲಿ ಮೂರು ಬಗೆ. ಬೇರಿಂಗು, ಆಯಿಲ್ ಸೀಲು, ಕೇಬಲ್ಲು, ಬಲ್ಬುಗಳು ಅಳತೆ ಅಥವಾ ನಂಬರು ಹೇಳಿದರೆ ದೊಡ್ಡ ಅಂಗಡಿಗಳಲ್ಲಿ ಸಿಗುತ್ತವೆ. ಬೇರಿಂಗಿನ ಮೈಮೇಲೆಯೇ ನಂಬರು ಕೆತ್ತಿರುತ್ತದೆ. ಬುಶ್ಶು, ಆಕ್ಸಲ್ಲಿನಂಥವನ್ನು ಲೇಥ್ ಮಷೀನಿನವರು ತಿರುವಿ ಕೊಡುತ್ತಾರೆ. ಮಗ್ಗ, ಟ್ರ್ಯಾಕ್ಟರುಗಳ ನಮ್ಮ ಸೀಮೆಯಲ್ಲಿ ಅಂಥ ಕೈಗಳಿಗೆ ಬರವಿಲ್ಲ. ಸಿಲಿಂಡರ್ ಬೋರಿಂಗ್‌ನಂಥ ಸೂಕ್ಷ್ಮ ಕೆಲಸಕ್ಕೆ ಬೆಳಗಾವಿಯ ಉದ್ಯಮಬಾಗ, ಕೊಲ್ಲಾಪುರದ ಶಿವಾಜಿ ಉದ್ಯಮನಗರದ ಕಡೆಗೂ ವಿಚಾರಿಸಬಹುದು. ಮೂರನೆಯದು ಕಷ್ಟದ್ದು: ಸ್ಪೀಡೋಮೀಟರು, ಕಾರ್ಬ್ಯುರೇಟರು, ಟ್ಯಾಂಕಿನ ಬ್ಯಾಜು, ಟೂಲ್‌ಬಾಕ್ಸಿನ ಮುಚ್ಚಳ. ಇವುಗಳಿಗೆ ಮೈಸೂರಿನ ಹಳೆಯ ಮಿಸ್ತ್ರಿಗಳು, ಬೆಂಗಳೂರಿನ ಜೆ.ಸಿ. ರಸ್ತೆ, ಪುಣೆಯ ನಾನಾ ಪೇಠ, ದೆಹಲಿಯ ಕರೋಲ್ ಬಾಗ್ ಎಂದು ಹುಡುಕಬೇಕಾಗುತ್ತದೆ. ಪ್ರತಿ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯಜ್ದಿ ದಿನ. ಅಂದು ಹಲವು ಊರುಗಳಲ್ಲಿ ಈ ಗಾಡಿಯವರು ಸೇರುತ್ತಾರೆ. ಯಾರ ಬಳಿ ಯಾವ ಸಾಮಾನಿದೆ ಎಂದು ತಿಳಿಯಲು ಅದೇ ಒಳ್ಳೆಯ ಜಾಗ. ಫೋನಿನಲ್ಲೇ ಪೂರ್ತಿ ಹಣ ಕೇಳುವವರಿಗೆ ಮಾತ್ರ ಕಳಿಸಬೇಡಿ.

ಹಣದ ಲೆಕ್ಕ

ಹಲವು ಮನೆಗಳಲ್ಲಿ ಮೊದಲು ಬಣ್ಣ, ಕ್ರೋಮ್ ಪಾಲಿಶ್ ಮಾಡಿಸಿ, ಎಂಜಿನ್ನಿನ ಹೊತ್ತಿಗೆ ಕೈ ಖಾಲಿಯಾಗುತ್ತದೆ. ಕ್ರಮ ಹೀಗಿರಲಿ: ಮೊದಲು ಕಾಗದ, ಆಮೇಲೆ ಎಂಜಿನ್ನು, ಬ್ರೇಕು, ವೈರಿಂಗು, ಟೈರು, ಕೊನೆಗೆ ಬಣ್ಣ. ಒಂದು ವಹಿಯಲ್ಲಿ ಸಾಮಾನಿನ ಹೆಸರು, ಕೊಟ್ಟ ಹಣ, ಬಾಕಿ ಎಂದು ಬರೆದಿಡಿ. ಒಂದು ಹಂತ ಮುಗಿಯದೆ ಮುಂದಿನದಕ್ಕೆ ದುಡ್ಡು ಬಿಚ್ಚಬೇಡಿ.

ವರ್ಷಗಟ್ಟಲೆ ನಿಂತ ಗಾಡಿಗೆ ಉತ್ಸಾಹದಲ್ಲಿ ಕಿಕ್ ಹೊಡೆಯಲು ಮಗನನ್ನು ಬಿಡಬೇಡಿ. ಪಿಸ್ಟನ್ ಹಿಡಿದುಕೊಂಡಿದ್ದರೆ ಒಳಗಿನದು ಮುರಿಯುತ್ತದೆ. ಪ್ಲಗ್ ಬಿಚ್ಚಿ ಸ್ವಲ್ಪ ಆಯಿಲ್ ಬಿಟ್ಟು ಒಂದೆರಡು ದಿನ ಕಾಯಬೇಕು. ಓಡಿಸುವಾಗಲೂ ಪೆಟ್ರೋಲಿಗೆ ಲೀಟರಿಗೆ ಸುಮಾರು 40 ಮಿಲಿಲೀಟರ್ ಟೂ ಸ್ಟ್ರೋಕ್ ಆಯಿಲ್ ಬೆರೆಸಲೇಬೇಕು. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20ರಷ್ಟು ಎಥೆನಾಲ್ ಇರುತ್ತದೆ. ನಮ್ಮ ಕಬ್ಬಿನಿಂದಲೂ ಆಗುವಂಥದ್ದೇ. ಅದು ನೀರಿನಂಶ ಹೀರುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ. ಪೆಟ್ರೋಲ್ ಪೈಪುಗಳನ್ನು ಹೊಸದು ಹಾಕಿಸಿ. ಬಹಳ ದಿನ ನಿಲ್ಲಿಸುವುದಾದರೆ ಟ್ಯಾಂಕು ಖಾಲಿ ಮಾಡಿಸಿ.

ನಿಮ್ಮ ಜೀವಕ್ಕಾಗಿ ಎರಡು ಮಾತು

ಟ್ಯಾಂಕಿನ ಹಳೆ ಪೆಟ್ರೋಲನ್ನು ಬಯಲಿನಲ್ಲೇ ತೆಗೆಯಬೇಕು. ಒಲೆ, ಗ್ಯಾಸು, ದೇವರ ದೀಪದ ಹತ್ತಿರ ಬೇಡವೇ ಬೇಡ. ಪೆಟ್ರೋಲಿದ್ದ ಟ್ಯಾಂಕು ಖಾಲಿಯಾಗಿ ಕಂಡರೂ ಒಳಗೆ ಆವಿ ಇರುತ್ತದೆ. ಸರಿಯಾಗಿ ತೊಳೆಯದೆ ವೆಲ್ಡಿಂಗ್ ಹಚ್ಚಿದರೆ ಸಿಡಿಯುತ್ತದೆ.

ಎರಡನೆಯದು ಸಾರಿ ಗಾರ್ಡ್. ಗಾಡಿ ಚೆಂದ ಕಾಣಲೆಂದು ಅದನ್ನು ತೆಗೆಸುವವರಿದ್ದಾರೆ. ಒಪ್ಪಬೇಡಿ. ಹಿಂದೆ ಕೂತವರ ಕೈಹಿಡಿ, ಕಾಲಿಡುವ ಕಡ್ಡಿ, ಹಿಂದಿನ ಗಾಲಿಯ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಮುಚ್ಚುವ ರಕ್ಷಣೆ ಇರಲೇಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹೇಳುತ್ತದೆ. ಸೆರಗು ಗಾಲಿಗೆ ಸಿಕ್ಕರೆ ಬೀಳುವವರು ಹಿಂದೆ ಕೂತ ನಾವು. "ಗಾರ್ಡ್ ಇಲ್ಲದ ಗಾಡಿ ಮ್ಯಾಲ ನಾ ಹತ್ತಂಗಿಲ್ರಿ" ಎಂದು ಖಡಾಖಂಡಿತ ಹೇಳಿಬಿಡಿ. ವಿಮೆ, ಇಬ್ಬರಿಗೂ ಹೆಲ್ಮೆಟ್ಟು ಹೇಗೂ ಬೇಕೇ ಬೇಕು.

ಇಷ್ಟೆಲ್ಲ ನೋಡಿದ ಮೇಲೂ ಕಾಗದವೂ ಇಲ್ಲ, ಚಾಸಿಯೂ ಕೊಳೆತಿದೆ, ಮನೆಯಲ್ಲಿ ದುಡ್ಡೂ ಇಲ್ಲ ಎಂದಾದರೆ ಗಾಡಿಯನ್ನು ಬಿಟ್ಟುಕೊಡುವುದರಲ್ಲಿ ತಪ್ಪೇನಿಲ್ಲ. ಆದರೆ ತೂಕದ ಲೆಕ್ಕದಲ್ಲಿ ಗುಜರಿಯವನಿಗೆ ಹಾಕುವ ಮೊದಲು ಜಾವಾ ಬಲ್ಲ ಒಬ್ಬ ಮಿಸ್ತ್ರಿಗೆ ತೋರಿಸಿ. ಅದರ ಸ್ಪೀಡೋಮೀಟರೋ ಟ್ಯಾಂಕೋ ಇನ್ನೊಂದು ಮನೆಯವರು ತಿಂಗಳುಗಟ್ಟಲೆ ಹುಡುಕುತ್ತಿರುವ ಸಾಮಾನಾಗಿರಬಹುದು. ಅವರ ಗಾಡಿ ಓಡೀತು, ನಿಮ್ಮ ಕೈಗೂ ನ್ಯಾಯವಾದ ಬೆಲೆ ಬಂದೀತು.