ಮನೆಯ ರೆಫ್ರಿಜರೇಟರಿಗೆ ನೀರಿನ ಕೊಳವೆ ಜೋಡಣೆ: ಗ್ರಾಹಕರಿಗೆ ಮಾಹಿತಿ

ತಾನಾಗಿಯೇ ಮಂಜುಗಡ್ಡೆ ತಯಾರಿಸುವ ಹಾಗೂ ಬಾಗಿಲಿನಲ್ಲಿಯೇ ತಣ್ಣೀರು ಒದಗಿಸುವ ರೆಫ್ರಿಜರೇಟರುಗಳು ರಾಜ್ಯದ ನಗರಗಳ ಮನೆಗಳಲ್ಲಿಯೂ ಬಳಕೆಗೆ ಬಂದಿವೆ. ಇವುಗಳ ಪೈಕಿ ಕೆಲವು ಮಾದರಿಗಳಿಗೆ ನೀರಿನ ಕೊಳವೆಯನ್ನು ನೇರವಾಗಿ ಜೋಡಿಸಬೇಕಾಗುತ್ತದೆ. ಇದು ಸಣ್ಣ ಕೆಲಸವೆಂದು ತೋರಿದರೂ, ತಪ್ಪಾದಲ್ಲಿ ಕುಟುಂಬದ ಆರೋಗ್ಯಕ್ಕೂ ನೆರೆಹೊರೆಯವರ ನೀರಿಗೂ ಧಕ್ಕೆ ಉಂಟಾಗುತ್ತದೆ. ಆದುದರಿಂದ ಸಾರ್ವಜನಿಕರ ಅವಗಾಹನೆಗಾಗಿ ಈ ಕೆಳಕಂಡ ಅಂಶಗಳನ್ನು ತಿಳಿಯಪಡಿಸಲಾಗಿದೆ.

1. ಹೊಸ ಸಂಪರ್ಕದ ಅವಶ್ಯಕತೆ ಇದೆಯೇ?

ಮಂಜೂರಾದ ನಲ್ಲಿ ಸಂಪರ್ಕವಿರುವ ಮನೆಯಲ್ಲಿ ಇದು ಮೀಟರಿನ ನಂತರದ ಒಳಜೋಡಣೆಯಾಗಿರುತ್ತದೆ. ಇದಕ್ಕಾಗಿ ಪ್ರತ್ಯೇಕ ಹೊಸ ಸಂಪರ್ಕ ಕೋರುವ ಪ್ರಮೇಯ ಉದ್ಭವಿಸುವುದಿಲ್ಲ. ಆದರೆ ಮೀಟರಿಗೆ ಮೊದಲೇ ಕೊಳವೆಯನ್ನು ಕವಲೊಡೆಸಿದಲ್ಲಿ ಅದು ಅನಧಿಕೃತ ಸಂಪರ್ಕವೆನಿಸುತ್ತದೆ.

2. ನೀರಿನ ಒತ್ತಡ

ಇಂತಹ ರೆಫ್ರಿಜರೇಟರುಗಳಿಗೆ ಸಾಮಾನ್ಯವಾಗಿ ಕನಿಷ್ಠ 20ರಿಂದ 30 ಪಿ.ಎಸ್.ಐ. ಒತ್ತಡ ಅಗತ್ಯ, ಗರಿಷ್ಠ ಮಿತಿ ಸುಮಾರು 120 ಪಿ.ಎಸ್.ಐ. ನಿಖರವಾದ ಅಂಕಿಯನ್ನು ಉಪಕರಣದ ಕೈಪಿಡಿಯಲ್ಲಿ ನೋಡಿಕೊಳ್ಳತಕ್ಕದ್ದು. ತೊಟ್ಟಿಯಲ್ಲಿನ ನೀರು ಪ್ರತಿ 10 ಮೀಟರ್ ಎತ್ತರಕ್ಕೆ ಸುಮಾರು 14 ಪಿ.ಎಸ್.ಐ. ಒತ್ತಡವನ್ನು ನೀಡುತ್ತದೆ. ಉದಾಹರಣೆಗೆ, ಒಂದು ಮಹಡಿಯ ಮನೆಯಲ್ಲಿ ತೊಟ್ಟಿಯ ನೀರು ನೆಲಮಹಡಿಯ ಅಡುಗೆ ಮನೆಗಿಂತ 7 ಮೀಟರ್ ಮೇಲಿದ್ದರೆ ದೊರೆಯುವುದು ಸುಮಾರು 10 ಪಿ.ಎಸ್.ಐ. ಮಾತ್ರ. ಅದೇ ಮನೆಯ ಮೇಲಿನ ಮಹಡಿಯಲ್ಲಿ ಇದು ಇನ್ನೂ ಕಡಿಮೆ. 20 ಪಿ.ಎಸ್.ಐ. ಬೇಕಾದಲ್ಲಿ ತೊಟ್ಟಿಯು ಸುಮಾರು 14 ಮೀಟರ್ ಎತ್ತರದಲ್ಲಿರಬೇಕು.

ಒತ್ತಡ ಸಾಲದಿದ್ದಲ್ಲಿ ಮಂಜುಗಡ್ಡೆಯು ಚಿಕ್ಕದಾಗಿ, ಟೊಳ್ಳಾಗಿ ಬರುತ್ತದೆ. ಅಲ್ಲದೆ ಒಳಗಿನ ವಿದ್ಯುತ್ ಕವಾಟವು ಪೂರ್ಣವಾಗಿ ಮುಚ್ಚಿಕೊಳ್ಳದೆ ನೀರು ಸೋರುವ ಸಂಭವವೂ ಇರುತ್ತದೆ. ಹಲವರು ಇದನ್ನು ಉಪಕರಣದ ದೋಷವೆಂದು ಭಾವಿಸುತ್ತಾರೆ.

3. ಪಂಪನ್ನು ಎಲ್ಲಿ ಅಳವಡಿಸಬೇಕು?

ಒತ್ತಡ ಹೆಚ್ಚಿಸುವ ಸಲುವಾಗಿ ಬೀದಿಯಿಂದ ಬರುವ ಕೊಳವೆಗೆ ನೇರವಾಗಿ ಮೋಟಾರು ಜೋಡಿಸುವುದನ್ನು ನಿಷೇಧಿಸಲಾಗಿದೆ. ಮೋಟಾರು ಎಳೆದಾಗ ಸಾಲಿನ ಕೊನೆಯ ಮನೆಗಳಿಗೆ ನೀರು ತಲುಪುವುದಿಲ್ಲ. ಇದಕ್ಕಿಂತಲೂ ಗಂಭೀರವಾದ ಸಂಗತಿಯೆಂದರೆ, ಕೊಳವೆಯೊಳಗೆ ಒತ್ತಡ ಕುಸಿದು, ಸೋರುವ ಕೀಲುಗಳ ಮೂಲಕ ಹೊರಗಿನ ಕೊಳಚೆ ನೀರು ಒಳಸೇರಬಹುದು. ಆ ನೀರನ್ನು ಇಡೀ ಬೀದಿಯವರು ಕುಡಿಯಬೇಕಾಗುತ್ತದೆ.

ಪಂಪು ಅನಿವಾರ್ಯವಾದಲ್ಲಿ ಮನೆಯ ತೊಟ್ಟಿಯ ನಂತರದ ಕೊಳವೆಗೆ ಮಾತ್ರ ಸಣ್ಣ ಒತ್ತಡವರ್ಧಕ ಪಂಪನ್ನು ಅಳವಡಿಸತಕ್ಕದ್ದು. ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಮತ್ತು ಕಲಬುರಗಿ ನಗರಗಳ ಆಯ್ದ ವಲಯಗಳಲ್ಲಿ 2008ರಲ್ಲಿ ಆರಂಭವಾದಂತಹ ನಿರಂತರ ಸರಬರಾಜು ಇರುವೆಡೆ, ಒತ್ತಡವನ್ನು ಅಳೆದು ನೋಡಿದ ನಂತರವೇ ಪಂಪಿನ ಅವಶ್ಯಕತೆಯನ್ನು ನಿರ್ಧರಿಸುವುದು ಸೂಕ್ತ.

4. ನೀರಿನ ಗುಣಮಟ್ಟ

ನೀರನ್ನು ಹೆಪ್ಪುಗಟ್ಟಿಸಿದ ಮಾತ್ರಕ್ಕೆ ರೋಗಾಣುಗಳು ನಾಶವಾಗುವುದಿಲ್ಲ. ರೆಫ್ರಿಜರೇಟರಿನ ಇದ್ದಿಲಿನ ಶೋಧಕವು ವಾಸನೆ ಮತ್ತು ಕ್ಲೋರಿನ್ನನ್ನು ತಗ್ಗಿಸುತ್ತದೆಯೇ ಹೊರತು ಗಡಸುತನವನ್ನು ನಿವಾರಿಸುವುದಿಲ್ಲ. ಭಾರತೀಯ ಮಾನಕ ಬ್ಯೂರೋದ 2012ರ ಕುಡಿಯುವ ನೀರಿನ ಮಾನಕದ ಪ್ರಕಾರ ಗಡಸುತನದ ಅಪೇಕ್ಷಣೀಯ ಮಿತಿಯು ಲೀಟರಿಗೆ 200 ಮಿಲಿಗ್ರಾಂ. ಬೇರೆ ಮೂಲವಿಲ್ಲದಿದ್ದಲ್ಲಿ 600 ಮಿಲಿಗ್ರಾಂ. ಕೊಳವೆಬಾವಿ ನೀರು ಬಳಸುವವರು ಮೊದಲು ನೀರನ್ನು ಪರೀಕ್ಷೆಗೆ ಒಳಪಡಿಸುವುದು ಅವಶ್ಯಕ. ಗಡಸು ನೀರಿನ ಸುಣ್ಣದ ಪದರವು ಕವಾಟವನ್ನು ಕಟ್ಟಿಹಾಕುತ್ತದೆ. ಎರಡು ಕೊಳವೆ ವ್ಯವಸ್ಥೆಯುಳ್ಳ ಅಪಾರ್ಟ್‌ಮೆಂಟುಗಳಲ್ಲಿ ಶೌಚಾಲಯಕ್ಕೆ ಮೀಸಲಾದ ಸಂಸ್ಕರಿತ ನೀರಿನ ಕೊಳವೆಗೆ ಯಾವ ಕಾರಣಕ್ಕೂ ಜೋಡಿಸಕೂಡದು.

5. ಜೋಡಣೆಯ ಕ್ರಮ

ಅ) ಪರವಾನಗಿ ಪಡೆದ ಪ್ಲಂಬರರಿಂದಲೇ ಕೆಲಸ ಮಾಡಿಸತಕ್ಕದ್ದು.
ಆ) ಕೈಗೆ ಸುಲಭವಾಗಿ ಎಟಕುವೆಡೆ ರೆಫ್ರಿಜರೇಟರಿಗೆಂದೇ ಪ್ರತ್ಯೇಕ ಕವಾಟ ಹಾಗೂ ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಕವಾಟವನ್ನು ಅಳವಡಿಸಬೇಕು.
ಇ) ಕಾಲು ಇಂಚಿನ, ಆಹಾರ ದರ್ಜೆಯ ಹೊಸ ನಳಿಕೆಯನ್ನೇ ಬಳಸಬೇಕು. ಉಪಕರಣವನ್ನು ಹಿಂದೆ ಮುಂದೆ ಸರಿಸಲು ಅನುಕೂಲವಾಗುವಷ್ಟು ನಳಿಕೆಯನ್ನು ಸುರುಳಿಯಾಗಿ ಬಿಟ್ಟಿರಬೇಕು.
ಈ) ಮೊದಲು ಬರುವ ನೀರನ್ನು ಮತ್ತು ಮೊದಲ ದಿನದ ಮಂಜುಗಡ್ಡೆಯನ್ನು ಬಳಸಬಾರದು.
ಉ) ಶೋಧಕವನ್ನು ಕೈಪಿಡಿಯಲ್ಲಿ ಸೂಚಿಸಿದ ಅವಧಿಗೆ, ಸಾಮಾನ್ಯವಾಗಿ 6 ತಿಂಗಳಿಗೊಮ್ಮೆ, ಬದಲಾಯಿಸಬೇಕು.
ಊ) ಊರಿಗೆ ಹೊರಡುವಾಗ ಕವಾಟವನ್ನು ಮುಚ್ಚತಕ್ಕದ್ದು. ನಿಮಿಷಕ್ಕೆ 1 ಲೀಟರ್ ಸೋರಿದರೂ ದಿನಕ್ಕೆ 1,440 ಲೀಟರ್ ನೀರು ವ್ಯರ್ಥವಾಗುತ್ತದೆ, ಮತ್ತು ಅದು ಮನೆಯೊಳಗೇ ಹರಿಯುತ್ತದೆ.

6. ಖರೀದಿಗೆ ಮುನ್ನ

ಸಾಕಷ್ಟು ಒತ್ತಡವಾಗಲೀ ಪಂಪಿಗೆ ಅನುಕೂಲವಾಗಲೀ ಇಲ್ಲದ ಮನೆಗಳಿಗೆ, ಕೈಯಿಂದ ನೀರು ತುಂಬಿಸುವ ಒಳತೊಟ್ಟಿಯ ಮಾದರಿಗಳೂ ಮಾರುಕಟ್ಟೆಯಲ್ಲಿ ದೊರೆಯುತ್ತವೆ. ಕಾಯಿಸಿ ಆರಿಸಿದ ನೀರನ್ನು ಇವುಗಳಲ್ಲಿ ತುಂಬಿಸಿದರೆ ಕೊಳವೆಯ ಅಗತ್ಯವೇ ಬೀಳುವುದಿಲ್ಲ. ಆದುದರಿಂದ ಗ್ರಾಹಕರು ಹಣ ಪಾವತಿಸುವ ಮುನ್ನವೇ ತಮ್ಮ ಮನೆಯ ನೀರಿನ ಮೂಲ ಮತ್ತು ಒತ್ತಡವನ್ನು ಪ್ಲಂಬರರಿಂದ ಅಳೆಯಿಸಿ, ತಕ್ಕ ಮಾದರಿಯನ್ನು ಆಯ್ದುಕೊಳ್ಳುವಂತೆ ಕೋರಲಾಗಿದೆ.