ಹತ್ತು ದಿನಗಳ ಲೆಕ್ಕ

ಸಂಖ್ಯಾಶಾಸ್ತ್ರ ಬೋಧಿಸಿ ನಿವೃತ್ತನಾದವನ ಬಳಿಗೆ ಜನ ಬರುವುದು ಹೆಚ್ಚಾಗಿ ಮಕ್ಕಳ ಸಿಇಟಿ ವಿಚಾರಕ್ಕೆ. ಕೆಲವು ವರ್ಷಗಳ ಹಿಂದೆ ನೆರೆಮನೆಯ ಹಿರಿಯರೊಬ್ಬರು ಬಂದ ಕಾರಣ ಬೇರೆಯಾಗಿತ್ತು. ಅವರ ತಮ್ಮನಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಉಲ್ಬಣಿಸಿತ್ತು. ಜೆಮ್‌ಸಿಟಬೈನ್ ಜೊತೆಗೆ ಎರ್ಲೋಟಿನಿಬ್ ಮಾತ್ರೆಯನ್ನೂ ಕೊಡಬಹುದೆಂದು ವೈದ್ಯರು ಸೂಚಿಸಿದ್ದರು. ‘ಆಯುಷ್ಯ ಹೆಚ್ಚುತ್ತದೆಂದು ಪ್ರಯೋಗದಲ್ಲಿ ಸಾಬೀತಾಗಿದೆಯಂತೆ, ಮೇಷ್ಟ್ರೇ. ಇರುವ ಸೈಟು ಮಾರಿಬಿಡಲೇ?’

ಸಾಬೀತಾಗಿರುವುದು ನಿಜ. 569 ರೋಗಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಜೆಮ್‌ಸಿಟಬೈನ್ ಮಾತ್ರ ಪಡೆದವರ ಆಯುಷ್ಯದ ಮಧ್ಯಾಂಕ 5.91 ತಿಂಗಳು, ಎರ್ಲೋಟಿನಿಬ್ ಕೂಡ ಪಡೆದವರದು 6.24 ತಿಂಗಳು. ಅಂತರ ಸುಮಾರು ಹತ್ತು ದಿನ. ಒಂದು ವರ್ಷ ದಾಟಿದವರ ಪ್ರಮಾಣ ಶೇ 17ರಿಂದ 23ಕ್ಕೆ ಏರಿತ್ತು. ಔಷಧದಲ್ಲಿ ಗುಣವೇ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ಹೆಚ್ಚಿನ ವ್ಯತ್ಯಾಸ ಆಕಸ್ಮಿಕವಾಗಿ ಕಾಣಬಹುದಾದ ಸಂಭವ ಶೇ 4ಕ್ಕಿಂತ ಕಡಿಮೆ. ರೂಢಿಯ ಗೆರೆ ಶೇ 5. ಹೀಗಾಗಿ ಫಲಿತಾಂಶ ‘ಮಹತ್ವದ್ದು’ ಎನಿಸಿಕೊಂಡಿತು. ಅಮೆರಿಕದ ನಿಯಂತ್ರಣ ಸಂಸ್ಥೆಯಂತೂ 2005ರಲ್ಲೇ ಅನುಮತಿ ನೀಡಿತ್ತು.

ನಮ್ಮ ಶಾಸ್ತ್ರದಲ್ಲಿ ‘ಮಹತ್ವದ್ದು’ ಎಂದರೆ ‘ಬಹುಶಃ ಆಕಸ್ಮಿಕವಲ್ಲ’ ಎಂದಷ್ಟೇ ಅರ್ಥ. ಲಾಭ ಎಷ್ಟು, ಅದು ರೋಗಿಗೆ ಸಾಕೇ ಎಂಬ ಪ್ರಶ್ನೆಗೆ ಆ ಪದದಲ್ಲಿ ಉತ್ತರವಿಲ್ಲ. ಇಂಥ ಪದವನ್ನು ಆರಿಸಿಕೊಂಡ ತಪ್ಪು ನಮ್ಮವರದೇ.

ಹಾಗೆಂದು ಅಲ್ಪ ವ್ಯತ್ಯಾಸಗಳನ್ನೆಲ್ಲ ತಳ್ಳಿಹಾಕುವಂತಿಲ್ಲ. ಹೃದಯಾಘಾತಕ್ಕೆ ಸ್ಟ್ರೆಪ್ಟೊಕೈನೇಸ್ ಕೊಟ್ಟು ನೋಡಿದ ಎಷ್ಟೋ ಸಣ್ಣ ಪ್ರಯೋಗಗಳು ‘ಸ್ಪಷ್ಟ ಅಂತರವಿಲ್ಲ’ ಎಂಬ ತೀರ್ಮಾನದಲ್ಲಿ ಮುಗಿದಿದ್ದವು. ಸೋತದ್ದು ಔಷಧವಲ್ಲ. ರೋಗಿಗಳ ಸಂಖ್ಯೆ ಕಡಿಮೆಯಿದ್ದುದರಿಂದ, ಇರುವ ಗುಣವನ್ನು ಗುರುತಿಸುವ ಶಕ್ತಿಯೇ ಆ ಪ್ರಯೋಗಗಳಿಗೆ ಇರಲಿಲ್ಲ. 1988ರಲ್ಲಿ 17,187 ರೋಗಿಗಳ ಐಸಿಸ್-2 ಪ್ರಯೋಗದ ಫಲಿತಾಂಶ ಬಂದಾಗ, ಐದು ವಾರಗಳಲ್ಲಿ ಹೃದಯ ಮತ್ತು ರಕ್ತನಾಳ ಸಂಬಂಧಿ ಸಾವು ಶೇ 12ರಿಂದ 9.2ಕ್ಕೆ ಇಳಿದದ್ದು ನಿಸ್ಸಂಶಯವಾಗಿ ಕಂಡಿತು. ನೂರು ರೋಗಿಗಳಲ್ಲಿ ಸುಮಾರು ಮೂರು ಜೀವ. ಅದುವರೆಗೆ ಆ ಮದ್ದು ಸಿಗದೆ ಹೋದವರನ್ನು ಲೆಕ್ಕ ಹಾಕಿದವರು ಯಾರು?

ನೆರೆಯವರಿಗೆ ಇದನ್ನೆಲ್ಲ ಹೇಳಲಿಲ್ಲ. ಹತ್ತು ದಿನದ ಮಾತು ಹೇಳಿದೆ. ಅದು ಮಧ್ಯಾಂಕ, ಕೆಲವರಿಗೆ ಹೆಚ್ಚು ಸಿಕ್ಕೀತು, ಹಲವರಿಗೆ ಏನೂ ಸಿಗಲಾರದು ಎಂದೆ. ಮೈಮೇಲಿನ ದದ್ದು, ಭೇದಿ ಹೆಚ್ಚಾಗುವುದನ್ನೂ ತಿಳಿಸಿದೆ. ಸೈಟು ಮಾರಬೇಡಿ ಎನ್ನಲು ನಾನು ಯಾರು? ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಟ್ಟೆ. ಅವರು ಅದನ್ನು ಮಡಿಚಿ ಜೇಬಿಗಿಟ್ಟು, ‘ಮೊದಲು ಇದನ್ನು ತಮ್ಮನಿಗೇ ತೋರಿಸುತ್ತೇನೆ’ ಎಂದು ಎದ್ದರು.