ಹಸುಗೂಸಿನ ರಕ್ತಕ್ಕೆ ನಂಜೇರಿದಾಗ

ಗಾಯವು ಕೀತು ನಂಜಾಗುವುದನ್ನು ನೀವು ಕಂಡಿದ್ದೀರಿ. ಕಣ್ಣಿಗೆ ಕಾಣದ ಸೂಕ್ಷ್ಮಾಣುಜೀವಿಗಳೇ ಅದಕ್ಕೆ ಕಾರಣ. ಇಂತಹವು ಹಸುಗೂಸಿನ ರಕ್ತವನ್ನು ಸೇರಿ ವೃದ್ಧಿಯಾದರೆ ಇಡೀ ಶರೀರಕ್ಕೇ ನಂಜೇರುತ್ತದೆ. ಜನಿಸಿದ ಮೊದಲ 28 ದಿನಗಳಲ್ಲಿ ಈ ಅಪಾಯ ಹೆಚ್ಚು. ದಿನ ತುಂಬದೆ ಹುಟ್ಟಿದ ಅಥವಾ ಎರಡೂವರೆ ಕಿಲೋಗ್ರಾಂಗಿಂತ ಕಡಿಮೆ ತೂಕವುಳ್ಳ ಮಕ್ಕಳಲ್ಲಿ ಇನ್ನೂ ಹೆಚ್ಚು.

ದೊಡ್ಡವರಿಗೆ ನಂಜಾದರೆ ಜ್ವರ ಬರುತ್ತದೆ, ನರಳುತ್ತಾರೆ. ಕೂಸಿಗೂ ಜ್ವರ ಬರಬಹುದು. ಆದರೆ ಅನೇಕ ವೇಳೆ ಮೈ ಕಾಯುವುದರ ಬದಲು ತಣ್ಣಗಾಗುತ್ತದೆ, ಅಳಬೇಕಾದ ಮಗು ಸುಮ್ಮನೆ ಮಲಗಿಬಿಡುತ್ತದೆ. "ಕೂಸು ಬಹಳ ಸಾಧು, ಹಾಲಿಗೂ ಏಳುವುದಿಲ್ಲ" ಎಂದು ಮನೆಯವರು ಸಂತೋಷಪಡುತ್ತಿರುವಾಗಲೇ ರೋಗವು ಬಲಿತಿರುತ್ತದೆ. ಚೆನ್ನಾಗಿ ಕುಡಿಯುತ್ತಿದ್ದ ಮಗು ಮೊಲೆ ಹಿಡಿಯದಾದರೆ ಅದನ್ನೇ ಮೊದಲ ಸೂಚನೆಯೆಂದು ತಿಳಿಯಿರಿ. ನಿಮಿಷಕ್ಕೆ 60 ಬಾರಿ ಅಥವಾ ಅದಕ್ಕೂ ಹೆಚ್ಚು ಉಸಿರಾಡುವುದು, ಉಸಿರೆಳೆದಾಗ ಪಕ್ಕೆಗಳ ಕೆಳಭಾಗ ಒಳಕ್ಕೆ ಸೆಳೆಯುವುದು, ಸೆಳವು, ಹೊಕ್ಕುಳಿನ ಸುತ್ತ ಕೆಂಪು ಅಥವಾ ಕೀವು, ಇವುಗಳಲ್ಲಿ ಯಾವುದೊಂದು ಕಂಡರೂ ತಡಮಾಡಕೂಡದು.

ಇದು ಬಾಲಗ್ರಹವಲ್ಲ, ದೃಷ್ಟಿ ತಾಗಿದ್ದೂ ಅಲ್ಲ. ಕೆಲವೆಡೆ ಇಂತಹ ಮಗುವಿಗೆ ಬರೆ ಹಾಕಿಸುತ್ತಾರೆ. ಆ ಸುಟ್ಟ ಗಾಯದ ಮೂಲಕ ಮತ್ತಷ್ಟು ಸೂಕ್ಷ್ಮಾಣುಗಳು ಒಳನುಗ್ಗುತ್ತವೆಯೇ ಹೊರತು ರೋಗ ಹೋಗುವುದಿಲ್ಲ.

ನಂಜು ಬರುವ ದಾರಿಗಳಲ್ಲಿ ಹೊಕ್ಕುಳ ಬಳ್ಳಿ ಮುಖ್ಯವಾದುದು. ಅದಕ್ಕೆ ಬೂದಿ, ಸಗಣಿ, ಅರಿಶಿನ, ಎಣ್ಣೆ ಯಾವುದನ್ನೂ ಹಚ್ಚದೆ ಒಣಗಲು ಬಿಡಿರಿ. ಕೂಸನ್ನು ಎತ್ತಿಕೊಳ್ಳುವವರು, ಅಜ್ಜಿಯೇ ಆಗಲಿ, ಮೊದಲು ಸಾಬೂನಿನಿಂದ ಕೈ ತೊಳೆಯಲಿ. ಹುಟ್ಟಿದ ಒಂದು ಗಂಟೆಯೊಳಗೆ ಗಿಣ್ಣುಹಾಲನ್ನೇ ಕುಡಿಸಿರಿ. ಜೇನು, ಸಕ್ಕರೆ ನೀರು ಬೇಡ.

ಅಪರೂಪವಾಗಿ ಗರ್ಭದಲ್ಲಿಯೇ ನಂಜು ತಗಲುವುದುಂಟು. ಲಿಸ್ಟೀರಿಯಾ ಎಂಬ ಸೂಕ್ಷ್ಮಾಣುವು ಮಣ್ಣಿನಲ್ಲಿಯೂ ಹಸಿಹಾಲಿನಲ್ಲಿಯೂ ಇರಬಲ್ಲದು. ಬಸುರಿಗೆ ಅದರಿಂದ ಅಲ್ಪ ಜ್ವರ, ಮೈಕೈ ನೋವು ಮಾತ್ರ ಬರಬಹುದು. ಮಗುವಿಗಾದರೋ ಪ್ರಾಣಕ್ಕೇ ಸಂಚಕಾರ. ಮನೆಯ ಹಸುವಿನ ಹಾಲೇ ಆದರೂ ಕುದಿಸಿಯೇ ಕುಡಿಯತಕ್ಕದ್ದು. ಗರ್ಭಿಣಿಗೆ ಜ್ವರ ಬಂದರೆ ವೈದ್ಯರಿಗೆ ತೋರಿಸಿರಿ.

ಆಸ್ಪತ್ರೆಗೆ ಹೊರಡುವಾಗ 108ಕ್ಕೆ ಕರೆಮಾಡಿರಿ. ದಾರಿಯಲ್ಲಿ ಕೂಸನ್ನು ತಾಯಿಯ ಎದೆಗೆ, ಮೈಗೆ ಮೈ ತಾಗುವಂತೆ ಅಪ್ಪಿ ಮೇಲೆ ಬಟ್ಟೆ ಹೊದಿಸಿರಿ. ತಾಯಿಗೆ ಆಗದಿದ್ದರೆ ತಂದೆಯೂ ಹಾಗೆ ಅಪ್ಪಿಕೊಳ್ಳಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ನವಜಾತ ಶಿಶುವಿನ ಚಿಕಿತ್ಸೆಯು 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಉಚಿತವಾಗಿದೆ. ಹಣವಿಲ್ಲವೆಂದು ಬೆಳಗಿನವರೆಗೆ ಕಾಯಬೇಕಾದುದಿಲ್ಲ. ಸೂಜಿಮದ್ದನ್ನು ಸಾಮಾನ್ಯವಾಗಿ 7ರಿಂದ 14 ದಿನ ಕೊಡಬೇಕಾಗುತ್ತದೆ. ಮೂರನೆಯ ದಿನ ಮಗು ಮೊಲೆ ಹಿಡಿಯಿತೆಂದು, ಕೊಯ್ಲಿನ ಕೆಲಸವಿದೆಯೆಂದು, ವೈದ್ಯರು ಹೇಳುವ ಮೊದಲೇ ಮನೆಗೆ ಕರೆತರಬೇಡಿರಿ.